ಹದಿನಾರು ವರ್ಷದ ಹುಡುಗನ ರೇಟು

2006ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ಬೇಸ್‌ಬಾಲ್ ತಂಡ ಡೊಮಿನಿಕನ್ ಗಣರಾಜ್ಯದ ಎಸ್ಮೈಲಿನ್ ಗೊನ್ಸಾಲೆಸ್ ಅನ್ನುವ ಹುಡುಗನಿಗೆ 14 ಲಕ್ಷ ಡಾಲರ್ ಸೈನಿಂಗ್ ಬೋನಸ್ (ಒಪ್ಪಂದಕ್ಕೆ ಸಹಿ ಹಾಕಿದ್ದಕ್ಕೇ ಸಿಗುವ ಹಣ) ಕೊಟ್ಟು ಸೇರಿಸಿಕೊಂಡಿತು. ದಾಖಲೆ ಪ್ರಕಾರ ಅವನಿಗೆ 16 ವರ್ಷ. ಎಲ್ಲರೂ ಅವನನ್ನು ‘ಸ್ಮೈಲಿ’ ಅಂತಲೇ ಕರೆಯೋರು. 2009ರ ಫೆಬ್ರುವರಿಯಲ್ಲಿ ಬಯಲಾದದ್ದು ಇಷ್ಟು: ಆ ಹೆಸರೂ ಅವನದಲ್ಲ, ಆ ವಯಸ್ಸೂ ಅವನದಲ್ಲ. ಸಹಿ ಹಾಕುವಾಗ ಅವನಿಗೆ 20 ಆಗಿತ್ತು. ಡೊಮಿನಿಕನ್‌ನಲ್ಲಿ ತಂಡದ ಕೆಲಸ ನೋಡಿಕೊಳ್ಳುತ್ತಿದ್ದ ಹೋಸೆ ರಿಹೋ ಕೆಲಸ ಕಳೆದುಕೊಂಡರು. ಜನರಲ್ ಮ್ಯಾನೇಜರ್ ಜಿಮ್ ಬೋಡನ್, ನಾನೇನೂ ತಪ್ಪು ಮಾಡಿಲ್ಲ ಅನ್ನುತ್ತಲೇ ಮಾರ್ಚ್ 1ಕ್ಕೆ ರಾಜೀನಾಮೆ ಕೊಟ್ಟರು.

ಈ ಕತೆ ಹೇಳಿದಾಗ ಕೇಳಿದವರು ನಗುತ್ತಾರೆ, ಆಮೇಲೆ "ಬಡದೇಶದವರು, ಇನ್ನೇನು ಮಾಡ್ತಾರೆ" ಅಂತ ಮಾತು ಮುಗಿಸುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ. ನಾಲ್ಕು ವರ್ಷ ಚಿಕ್ಕವನಾದರೆ 14 ಲಕ್ಷ ಡಾಲರ್ ಸಿಗುತ್ತದೆ ಅನ್ನುವ ಲೆಕ್ಕ ಹಾಕಿಟ್ಟವರು ಯಾರು? ಆ ಹುಡುಗನಂತೂ ಅಲ್ಲ.

ಬೇಸ್‌ಬಾಲ್ ನೋಡದವರಿಗೆ ಒಂದು ವಿವರಣೆ ಕೊಡಬೇಕು. ಅಮೆರಿಕ, ಕೆನಡಾ, ಪೋರ್ಟೊ ರಿಕೊದ ಹುಡುಗರು ಅಲ್ಲಿನ ಅತಿ ದೊಡ್ಡ ಲೀಗ್ ಆದ ಮೇಜರ್ ಲೀಗ್ ಸೇರುವುದು ಡ್ರಾಫ್ಟ್ ಮೂಲಕ, ಅಂದರೆ ತಂಡಗಳು ಸರದಿ ಪ್ರಕಾರ ಒಬ್ಬೊಬ್ಬರನ್ನೇ ಆರಿಸಿಕೊಳ್ಳುವ ಪದ್ಧತಿ. ಹೈಸ್ಕೂಲ್ ಮುಗಿಸಿದವರು, ಕಾಲೇಜಿನವರು, ಎಲ್ಲರೂ ಹೀಗೇ ಬರುತ್ತಾರೆ. ಡೊಮಿನಿಕನ್, ವೆನೆಜುವೆಲಾ ಕಡೆಯ ಹುಡುಗರಿಗೆ ಡ್ರಾಫ್ಟ್ ಇಲ್ಲ. ಅವರು 16ಕ್ಕೇ ನೇರವಾಗಿ ಯಾವುದೇ ತಂಡದ ಜೊತೆ ಸಹಿ ಹಾಕಬಹುದು. ಹಿಂದೆ ಈ ವ್ಯವಹಾರ ಜುಲೈ 2ಕ್ಕೆ ತೆರೆಯುತ್ತಿತ್ತು, ಈಗ ಜನವರಿ 15ಕ್ಕೆ. 16ರ ಹುಡುಗನಿಗೆ ಒಂದು ರೇಟು. ಅವನೇ 18 ದಾಟಿ ಬಂದರೆ, ಅದೇ ತೋಳು, ಅದೇ ವೇಗ ಇದ್ದರೂ ಕೇಳುವವರು ಕಡಿಮೆ. ಹೀಗಿರುವಾಗ ಜನನ ಪ್ರಮಾಣಪತ್ರಕ್ಕೆ ಮಾರುಕಟ್ಟೆ ಹುಟ್ಟದೆ ಇರುತ್ತದೆಯೇ?

ವಯಸ್ಸು ಕಡಿಮೆ ತೋರಿಸುವ ಚಾಳಿ ನಮಗೂ ಹೊಸದಲ್ಲ. ನಮ್ಮ ದ್ರಾವಿಡ್ 2015ರ ಪಟೌಡಿ ಉಪನ್ಯಾಸದಲ್ಲಿ ಜೂನಿಯರ್ ಕ್ರಿಕೆಟ್‌ನ ಈ ರೋಗದ ಬಗ್ಗೆ ಕಟುವಾಗಿಯೇ ಮಾತಾಡಿದ್ದರು, ಮಂಡಳಿ ಹುಡುಗರ ಮಣಿಕಟ್ಟಿನ ಎಕ್ಸ್‌ರೇ ತೆಗೆಸುತ್ತದೆ. ಆದರೆ ಇಲ್ಲಿ ಸುಳ್ಳು ಹೇಳುವುದು ತಂಡದಲ್ಲಿ ಒಂದು ಜಾಗಕ್ಕಾಗಿ. ಅಲ್ಲಿ ಮುಚ್ಚಿಟ್ಟ ಒಂದೊಂದು ವರ್ಷಕ್ಕೂ ನೇರ ಡಾಲರ್ ಲೆಕ್ಕ.

ಇನ್ನು ಬುಸ್ಕೋನ್‌ಗಳ ವಿಷಯ. ಹತ್ತು ಹನ್ನೆರಡು ವರ್ಷದ ಹುಡುಗರನ್ನು ಹುಡುಕಿ ತಂದು, ಇರಲು ಜಾಗ, ಊಟ, ಗ್ಲೌಸು, ಬ್ಯಾಟು ಎಲ್ಲ ಕೊಟ್ಟು ತಯಾರು ಮಾಡುವ ತರಬೇತುದಾರರು ಇವರು. ಹುಡುಗ ಸಹಿ ಹಾಕಿದ ದಿನ ಬೋನಸ್ಸಿನಲ್ಲಿ ಶೇಕಡಾ 30, ಕೆಲವರು ಅರ್ಧದವರೆಗೂ ತೆಗೆದುಕೊಳ್ಳುತ್ತಾರೆ. ಅಮೆರಿಕದ ಪತ್ರಿಕೆಗಳಿಗೆ ಇವರೇ ಖಳನಾಯಕರು. ಸಂಭಾವಿತರು ಅಂತ ನಾನೂ ಹೇಳುವುದಿಲ್ಲ. ಹುಡುಗರಿಗೆ ಸ್ಟೀರಾಯ್ಡ್ ಚುಚ್ಚಿದವರು, ಸುಳ್ಳು ದಾಖಲೆ ಮಾಡಿಸಿದವರು ಇವರಲ್ಲಿ ಬೇಕಾದಷ್ಟಿದ್ದಾರೆ. ಆದರೆ ಶಾಲೆ ಬಿಟ್ಟ ಹುಡುಗನಿಗೆ ನಾಲ್ಕೈದು ವರ್ಷ ಅನ್ನ ಹಾಕಿದವರು ಬೇರೆ ಯಾರಿದ್ದಾರೆ? ಸಾಕುವ ಖರ್ಚು ಬುಸ್ಕೋನ್‌ನದು, ಹುಡುಗ ಆಯ್ಕೆಯಾಗದಿದ್ದರೆ ನಷ್ಟವೂ ಅವನದೇ. ಲೀಗಿನ ಮೂವತ್ತು ತಂಡಗಳು ಡೊಮಿನಿಕನ್‌ನ ಬೊಕಾ ಚಿಕಾ ಸುತ್ತಮುತ್ತಲ ತಮ್ಮ ಅಕಾಡೆಮಿಗಳಲ್ಲಿ ಕೂತು ತಯಾರಾಗಿ ಬಂದವರನ್ನು ಆರಿಸಿಕೊಳ್ಳುತ್ತವೆ. ಇಷ್ಟು ಅಗ್ಗದ ಏರ್ಪಾಡನ್ನು ಯಾವ ಮಾಲೀಕ ತಾನಾಗಿ ಬಿಡುತ್ತಾನೆ?

ಎಷ್ಟು ಅಗ್ಗ ಅಂದರೆ, ಸ್ಯಾಮಿ ಸೋಸಾ 1985ರಲ್ಲಿ ಸಹಿ ಹಾಕಿದ್ದು 3,500 ಡಾಲರ್‌ಗೆ. ಮುಂದೆ 609 ಹೋಮ್ ರನ್ ಹೊಡೆದ ಆಟಗಾರ ಅವನು. ಇನ್ನೊಂದು ತುದಿಯಲ್ಲಿ ಹುವಾನ್ ಸೋಟೊ: 2015ರಲ್ಲಿ 15 ಲಕ್ಷ ಡಾಲರ್‌ಗೆ ಸೇರಿದವನು 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದ ಜೊತೆ 15 ವರ್ಷಕ್ಕೆ 76.5 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡ. ಟಿವಿಯಲ್ಲಿ ಸೋಟೊ ಕಾಣುತ್ತಾನೆ. ಅಕಾಡೆಮಿಯಲ್ಲಿ ಎರಡು ಮೂರು ವರ್ಷ ಕಳೆದು, ಓದೂ ಇಲ್ಲದೆ ಆಟವೂ ಇಲ್ಲದೆ ಊರಿಗೆ ಮರಳುವವರೇ ಹೆಚ್ಚು, ಅವರು ಕಾಣುವುದಿಲ್ಲ.

ಕಳ್ಳರು ಬರೀ ಆ ದ್ವೀಪದಲ್ಲೇ ಇದ್ದಾರೆ ಅನ್ನುವವರು ಶಿಕಾಗೋ ಕಡೆ ನೋಡಬೇಕು. ವೈಟ್ ಸಾಕ್ಸ್ ತಂಡದ ದೊಡ್ಡ ಅಧಿಕಾರಿ ಡೇವಿಡ್ ವೈಲ್ಡರ್, ಇಬ್ಬರು ಸ್ಕೌಟ್‌ಗಳ (ತಂಡಕ್ಕಾಗಿ ಆಟಗಾರರನ್ನು ಹುಡುಕುವವರು) ಜೊತೆ ಸೇರಿ ಹುಡುಗರ ಬೋನಸ್ಸನ್ನು ಬೇಕಂತಲೇ ಏರಿಸಿ, ಏರಿಸಿದ ದುಡ್ಡನ್ನು ಹಿಂಬಾಗಿಲಿನಿಂದ ವಾಪಸ್ ತೆಗೆದುಕೊಳ್ಳುತ್ತಿದ್ದ. 2008ರಲ್ಲಿ ಕೆಲಸ ಹೋಯಿತು, 2011ರಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. 23 ಆಟಗಾರರ ಒಪ್ಪಂದಗಳಲ್ಲಿ ಕೈಯಾಡಿಸಿದ್ದ. ಇಲ್ಲಿ ಯಾವ ಬುಸ್ಕೋನ್‌ನನ್ನು ದೂರುತ್ತೀರಿ?

2012ರಿಂದ ಪ್ರತಿ ತಂಡದ ವಿದೇಶಿ ಬೋನಸ್ಸಿಗೂ ಒಂದು ಮಿತಿ ಬಂತು. ಮಿತಿ ಬಂದರೆ ಭ್ರಷ್ಟಾಚಾರ ಕಡಿಮೆಯಾಗಬೇಕಿತ್ತು, ಆಗಿದ್ದು ರೂಪ ಬದಲು ಅಷ್ಟೇ. ಬೇಕಾದ ಹುಡುಗನ ಲೆಕ್ಕಕ್ಕೆ ಕಡಿಮೆ ಬರೆದು, ಅದೇ ತರಬೇತುದಾರನ ಇನ್ನಿಬ್ಬರು ಸಾಧಾರಣ ಹುಡುಗರ ಹೆಸರಿಗೆ ಜಾಸ್ತಿ ಬರೆದು, ಒಳಗೊಳಗೇ ಹಂಚಿಕೊಳ್ಳುವ ಪ್ಯಾಕೇಜ್ ವ್ಯವಹಾರ ಶುರುವಾಯಿತು. ಬಾಸ್ಟನ್ ರೆಡ್ ಸಾಕ್ಸ್ 2016ರಲ್ಲಿ ಇದಕ್ಕೇ ಐವರು ಹುಡುಗರನ್ನು ಕಳೆದುಕೊಂಡಿತು. ಮರುವರ್ಷ ಅಟ್ಲಾಂಟಾ ಬ್ರೇವ್ಸ್ ಸಿಕ್ಕಿಬಿತ್ತು. 13 ಹುಡುಗರ ಒಪ್ಪಂದ ರದ್ದು, ಅವರಲ್ಲಿ 42.5 ಲಕ್ಷ ಡಾಲರ್ ಪಡೆದಿದ್ದ ವೆನೆಜುವೆಲಾದ ಕೆವಿನ್ ಮೈತಾನ್ ಕೂಡ ಇದ್ದ. ಜನರಲ್ ಮ್ಯಾನೇಜರ್ ಜಾನ್ ಕೊಪೊಲೆಲ್ಲಾಗೆ ಆಜೀವ ನಿಷೇಧ.

ಆಜೀವ ಅಂದರೆ ಎಷ್ಟು ಗೊತ್ತಾ? 2023ರ ಜನವರಿಯಲ್ಲಿ ನಿಷೇಧ ತೆಗೆದರು. ತಂಡಕ್ಕೆ ಕೆಲವು ವರ್ಷ ವಿದೇಶಿ ಖರ್ಚಿನ ಮೇಲೆ ಕಡಿವಾಣ ಬಿತ್ತು, ಆದರೂ 2021ರಲ್ಲಿ ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದುಕೊಂಡಿತು.

ಹುಡುಗರ ಕಡೆ ನಿಯಮ ಇಷ್ಟು ಮೃದುವಾಗಿಲ್ಲ. ಡೊಮಿನಿಕನ್ ಹುಡುಗ ಮಿಗೆಲ್ ಸಾನೊ 2009ರಲ್ಲಿ ದಾಖಲೆ ಬೋನಸ್ ಪಡೆಯುತ್ತಾನೆ ಅಂತ ಎಲ್ಲರ ಬಾಯಲ್ಲಿತ್ತು. ವಯಸ್ಸಿನ ಬಗ್ಗೆ ಅನುಮಾನ ಎದ್ದಿತು. ಮೂಳೆ ಪರೀಕ್ಷೆ, ಡಿಎನ್‌ಎ ಪರೀಕ್ಷೆ ಅಂತ ತಿಂಗಳುಗಳು ಹೋದವು, ಕೊನೆಗೆ ಮಿನ್ನೆಸೋಟಾ ತಂಡಕ್ಕೆ 31.5 ಲಕ್ಷಕ್ಕೆ ಸಹಿ ಹಾಕಿದ. ಅಧಿಕಾರಿಗಳ ಕಳ್ಳಾಟ ಬಯಲಾದಾಗಲೆಲ್ಲ ತಪಾಸಣೆ ಬಿಗಿಯಾಗುವುದು ಹದಿನೈದರ ಹುಡುಗರ ಮೇಲೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ.

ಕ್ಯೂಬಾದ್ದು ಇನ್ನೂ ಘೋರ. ಅಮೆರಿಕದ ದಿಗ್ಬಂಧನ ಇರುವುದರಿಂದ ಕ್ಯೂಬಾದಲ್ಲೇ ಇದ್ದುಕೊಂಡು ಸಹಿ ಹಾಕುವಂತಿಲ್ಲ. ಓಡಿಹೋಗಿ ಮೂರನೇ ದೇಶದ ನಿವಾಸಿಯಾಗಬೇಕು, ಅಂದರೆ ಕಳ್ಳದೋಣಿ, ಸುಳ್ಳು ಕಾಗದ, ಸಂಬಳದಲ್ಲಿ ಪಾಲು ಕೇಳುವ ದಲ್ಲಾಳಿಗಳು. ಹಾಗೆ ಓಡಿಬಂದ ಕ್ಯೂಬಾದ ಆಟಗಾರ ಹೋಸೆ ಅಬ್ರೇಯು ಮಿಯಾಮಿ ಕೋರ್ಟಿನಲ್ಲಿ ಹೇಳಿದ್ದನ್ನು ಓದಿ ನಾನು ನಗಬೇಕೋ ಅಳಬೇಕೋ ತಿಳಿಯದೆ ಕೂತಿದ್ದೆ: ಹೈಟಿಯಿಂದ ಮಿಯಾಮಿಗೆ ಬರುವ ವಿಮಾನದಲ್ಲಿ ನಕಲಿ ಪಾಸ್‌ಪೋರ್ಟಿನ ಹಾಳೆಯನ್ನು ಬಿಯರ್ ಜೊತೆ ನುಂಗಿದನಂತೆ. ಆ ಮೊಕದ್ದಮೆಯಲ್ಲಿ ಏಜೆಂಟ್ ಬಾರ್ಟೊಲೊ ಹೆರ್ನಾಂಡೆಸ್, ತರಬೇತುದಾರ ಹೂಲಿಯೊ ಎಸ್ತ್ರಾದಾ ಇಬ್ಬರೂ 2017ರಲ್ಲಿ ತಪ್ಪಿತಸ್ಥರಾದರು. ಅಬ್ರೇಯು ಜೊತೆ 6.8 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿದ್ದ ತಂಡ ಆ ಕಟಕಟೆಯಲ್ಲಿ ಇರಲಿಲ್ಲ. 2018ರ ಡಿಸೆಂಬರ್‌ನಲ್ಲಿ ಲೀಗು ಮತ್ತು ಕ್ಯೂಬಾ ಒಕ್ಕೂಟ ಸೇರಿ ಕಾನೂನುಬದ್ಧ ದಾರಿಯೊಂದನ್ನು ಮಾಡಿದರು, ನಾಲ್ಕೇ ತಿಂಗಳಲ್ಲಿ ಟ್ರಂಪ್ ಸರ್ಕಾರ ಅದನ್ನು ಮುಚ್ಚಿತು.

ಹಾಗಾದರೆ ಎಲ್ಲರಿಗೂ ಡ್ರಾಫ್ಟ್ ತಂದರೆ ಸರಿಹೋಗುತ್ತದೆಯೇ? ಲೀಗ್ ಹೇಳುವುದು ಅದನ್ನೇ. ಅದರಲ್ಲಿ ಒಂದು ನಿಜ ಇದೆ: ಯಾವ ತಂಡ ಯಾರನ್ನು ಆರಿಸುತ್ತದೆ ಅನ್ನುವುದು ಮೊದಲೇ ಗೊತ್ತಿರದಿದ್ದರೆ, ಹನ್ನೆರಡು ಹದಿಮೂರರ ಮಕ್ಕಳ ಜೊತೆ ಈಗ ನಡೆಯುವ ಬಾಯಿಮಾತಿನ ಒಪ್ಪಂದಕ್ಕೆ ಅರ್ಥ ಉಳಿಯುವುದಿಲ್ಲ. ಆ ಬಾಯಿಮಾತು ನಿಯಮಕ್ಕೆ ವಿರುದ್ಧ, ಹಾಗಾಗಿ ತಂಡ ಮನಸ್ಸು ಬದಲಿಸಿದರೆ ಹುಡುಗ ದೂರು ಕೊಡುವುದಾದರೂ ಎಲ್ಲಿ? ಆದರೆ ಡ್ರಾಫ್ಟ್ ಬಂದರೆ ಹುಡುಗನಿಗೆ ಚೌಕಾಸಿ ಮಾಡುವ ಅವಕಾಶವೂ ಹೋಗುತ್ತದೆ. ಡೊಮಿನಿಕನ್‌ನ ಹೆಸರಾಂತ ಮಾಜಿ ಆಟಗಾರ ಡೇವಿಡ್ ಓರ್ಟಿಸ್‌ರಂಥವರು ವಿರೋಧಿಸಿದ್ದು ಸುಮ್ಮನೆ ಅಲ್ಲ.

ನನ್ನ ಮಟ್ಟಿಗೆ ಮೊದಲು ಆಗಬೇಕಾದದ್ದು ಬೇರೆ. ತರಬೇತುದಾರನ ಪಾಲನ್ನು ಹುಡುಗನ ಬೋನಸ್ಸಿನಿಂದ ಕೀಳುವುದು ನಿಲ್ಲಲಿ, ಸಹಿ ಹಾಕಿಸಿಕೊಂಡ ತಂಡವೇ ಅದನ್ನು ಪ್ರತ್ಯೇಕವಾಗಿ, ರಸೀದಿ ಸಮೇತ ಕೊಡಲಿ. ಹನ್ನೆರಡರ ಮಗುವಿಗೆ ಮಾತು ಕೊಟ್ಟ ತಂಡ ಸಿಕ್ಕಿಬಿದ್ದರೆ ಐದು ವರ್ಷ ಆ ದೇಶದಲ್ಲಿ ಒಬ್ಬರನ್ನೂ ತೆಗೆದುಕೊಳ್ಳದಂತಾಗಲಿ. ಸ್ಕೌಟ್ ಒಬ್ಬನನ್ನು ಕೆಲಸದಿಂದ ತೆಗೆದು ಕೈತೊಳೆದುಕೊಳ್ಳುವುದು ಆಗ ದುಬಾರಿಯಾಗುತ್ತದೆ.

ಆದರೆ ಇದನ್ನೆಲ್ಲ ಮೇಜಿನ ಮೇಲೆ ಇಡುವವರು ಯಾರು? 2022ರ ಜುಲೈನಲ್ಲಿ ಡ್ರಾಫ್ಟ್ ಮಾತುಕತೆ ಮುರಿದುಬಿತ್ತು. ಡ್ರಾಫ್ಟಿನಲ್ಲಿ ಆಯ್ಕೆಯಾದ ಹುಡುಗರಿಗೆ ಒಟ್ಟು ಕೊಡುವ ಹಣ ಲೀಗು 19.1 ಕೋಟಿ ಡಾಲರ್ ಅಂದಿತು, ಆಟಗಾರರ ಸಂಘ 26 ಕೋಟಿ ಅಂದಿತು. ಡ್ರಾಫ್ಟಿಗೆ ಬದಲಾಗಿ ಲೀಗು ಕೊಡಲು ಒಪ್ಪಿದ್ದು ಏನು ನೋಡಿ: ಫ್ರೀ ಏಜೆಂಟ್‌ಗಳಾಗುವ, ಅಂದರೆ ಒಪ್ಪಂದ ಮುಗಿದು ಯಾವ ತಂಡವನ್ನಾದರೂ ಸೇರಬಹುದಾದ ಹಿರಿಯ ಆಟಗಾರರಿಗೆ ತೊಡಕಾಗಿದ್ದ ಒಂದು ನಿಯಮವನ್ನು ತೆಗೆಯುವುದು. ಕೋಟ್ಯಧಿಪತಿ ಆಟಗಾರರ ಅನುಕೂಲಕ್ಕೂ ಡೊಮಿನಿಕನ್‌ನ ಸಾನ್ ಪೆದ್ರೊ ದೆ ಮಕೊರಿಸ್ ಊರಿನ ಹುಡುಗರ ಬೆಲೆಗೂ ಒಂದೇ ತಕ್ಕಡಿ. ಲೀಗು ಮತ್ತು ಆಟಗಾರರ ಸಂಘದ ನಡುವಿನ ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ, ಡ್ರಾಫ್ಟ್ ಮತ್ತೆ ಚರ್ಚೆಗೆ ಬಂದರೂ ಮಾತಾಡುವವರು ಮಾಲೀಕರು ಮತ್ತು ಸಂಘ, ಇಬ್ಬರೇ. ಇನ್ನೂ ಸಹಿ ಹಾಕದ ಹುಡುಗ ಆ ಸಂಘದ ಸದಸ್ಯನಲ್ಲ.