ಫಾರ್ಮಲ್ಲೇ ಬಾಗಿಲು ಹಾಕಿದ್ರೆ ಹೇಗೆ
"ಅಂಗವಿಕಲರಿಗೆ ಕೆಲಸ ಕೊಡೋಕೆ ಕಂಪನಿಗಳು ರೆಡಿ ಇದಾವೆ, ಅರ್ಜಿನೇ ಬರಲ್ಲ" ಅಂತ ಲೇಖನದಲ್ಲಿ ಬರ್ದಿರೋದನ್ನ ನಾನಂತೂ ಒಪ್ಪಲ್ಲ. ನಂಗೆ ಕಣ್ಣು ಕಾಣಲ್ಲ, ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ (ಸ್ಕ್ರೀನ್ ಮೇಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರ್) ಹಾಕ್ಕೊಂಡು ಕೆಲಸದ ಅರ್ಜಿಯ ಆನ್‌ಲೈನ್ ಫಾರ್ಮ್ ತುಂಬ್ತೀನಿ, ಎಷ್ಟೋ ಕಡೆ ಬಾಕ್ಸ್‌ಗಳಿಗೆ ಲೇಬಲ್ಲೇ ಇರಲ್ಲ, ಬರೀ "ಎಡಿಟ್, ಬ್ಲ್ಯಾಂಕ್" ಅಂತ ಓದತ್ತೆ, ಅಲ್ಲಿ ಹೆಸರು ಹಾಕ್ಬೇಕೋ ಫೋನ್ ನಂಬರ್ ಹಾಕ್ಬೇಕೋ ಗೊತ್ತಾಗಲ್ಲ, ಹೇಗೋ ಕೊನೇವರ್ಗೂ ಬಂದ್ರೆ ಚಿತ್ರದಲ್ಲಿರೋದನ್ನ ನೋಡಿ ನಾವು ಮನುಷ್ಯರೇ ಅಂತ ತೋರಿಸ್ಬೇಕಾದ, ಆಡಿಯೊ ಇಲ್ದಿರೋ ಕ್ಯಾಪ್ಚಾ, ಅಲ್ಲಿಗೆ ಮುಗೀತು. ಹೀಗಾದ್ರೆ ಅರ್ಜಿ ಎಲ್ಲಿಂದ ಬರ್ಬೇಕು ಸ್ವಾಮಿ? ಕೂತು ಮಾಡೋ ಅಕೌಂಟ್ಸ್ ಕೆಲಸಕ್ಕೂ ಡ್ರೈವಿಂಗ್ ಲೈಸೆನ್ಸ್ ಕಡ್ಡಾಯ ಅಂತ ಹಾಕೋದು ಬೇರೆ. ಜಾಹೀರಾತಲ್ಲೇ ಒಂದು ಫೋನ್ ನಂಬರ್, ಇಮೇಲ್ ಕೊಡಿ, ಇಂಟರ್‌ವ್ಯೂಗೆ ಕರೆದವರನ್ನೆಲ್ಲ ಏನು ಅನುಕೂಲ ಬೇಕು ಅಂತ ಮೊದಲೇ ಕೇಳಿ, ಸೈನ್ ಲ್ಯಾಂಗ್ವೇಜ್ ಗೊತ್ತಿರೋರು ಬೇಕೋ ಟೆಸ್ಟ್‌ಗೆ ಜಾಸ್ತಿ ಟೈಮ್ ಬೇಕೋ ಅವರೇ ಹೇಳ್ತಾರೆ.