95 ಇಲ್ಲದಿದ್ದರೆ ಐಐಟಿ ಇಲ್ವಾ?

ಹುಬ್ಬಳ್ಳಿ-ಧಾರವಾಡದ ಪಾಲಕರ ಗ್ರೂಪ್‌ಗಳಲ್ಲಿ ಒಂದು ಫಾರ್ವರ್ಡ್ ಓಡಾಡುತ್ತಿದೆ: "ಪಿಯುಸಿಯಲ್ಲಿ 95 ಪರ್ಸೆಂಟ್ ಇಲ್ಲದವರು ಧಾರವಾಡ ಐಐಟಿ ಆಸೆ ಬಿಡಿ." ಇದು ತಪ್ಪು.

ಬಿ.ಟೆಕ್ ಸೀಟು ಕೊಡುವುದು ಐಐಟಿಗಳ ಪ್ರವೇಶ ಪರೀಕ್ಷೆಯಾದ ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್ ನೋಡಿ. ಪಿಯುಸಿಯಲ್ಲಿ 75 ಪರ್ಸೆಂಟ್ ಇದ್ದರೆ ಸಾಕು, ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ 65. ಅಷ್ಟೂ ಬರದಿದ್ದರೆ, ತಮ್ಮ ಬೋರ್ಡಿನ ಮೇಲಿನ 20 ಪರ್ಸೆಂಟೈಲ್‌ನಲ್ಲಿದ್ದರೂ ನಡೆಯುತ್ತದೆ. ಆ ಗೆರೆ ದಾಟಿದ ಮೇಲೆ 76ಕ್ಕೂ 98ಕ್ಕೂ ವ್ಯತ್ಯಾಸವಿಲ್ಲ. ಸಿಇಟಿಯಲ್ಲಿ ಹಾಗಲ್ಲ. ಅಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕದ ಅರ್ಧ ಪಾಲು ಸೇರುತ್ತದೆ. ಫಾರ್ವರ್ಡ್ ಬರೆದವರು ಎರಡನ್ನೂ ಕಲಸಿರಬೇಕು.

ಪರ್ಸೆಂಟೈಲ್ ಅಂದರೂ ಪರ್ಸೆಂಟ್ ಅಲ್ಲ. ಅಡ್ವಾನ್ಸ್ಡ್ ಬರೆಯಲು ಮೊದಲು ಜೆಇಇ ಮೇನ್ ಎಂಬ ಪರೀಕ್ಷೆ ದಾಟಬೇಕು. 2024ರ ಜೆಇಇ ಮೇನ್‌ನಲ್ಲಿ ಸಾಮಾನ್ಯ ವರ್ಗದ ಕಟ್ ಆಫ್ ಸುಮಾರು 93.2 ಪರ್ಸೆಂಟೈಲ್. ಅಂದರೆ ಬರೆದವರಲ್ಲಿ ನೂರಕ್ಕೆ 93 ಮಂದಿಯನ್ನು ಹಿಂದೆ ಹಾಕಬೇಕು. ಸುಲಭ ಏನಲ್ಲ, ಆದರೆ 93 ಅಂಕ ಅಂತೂ ಅಲ್ಲ.

ಮಾಕ್ ಟೆಸ್ಟಿನಲ್ಲಿ 360ಕ್ಕೆ 110 ಬಂತು, ನಾನು ಸಾಧಾರಣ ಹುಡುಗಿ ಅಂತ ಮಂಕಾಗಿ ಕೂತವರಿಗೆ ಇನ್ನೊಂದು ಲೆಕ್ಕ. 2024ರ ಅಡ್ವಾನ್ಸ್ಡ್‌ನಲ್ಲಿ ಸಾಮಾನ್ಯ ರ‍್ಯಾಂಕ್ ಪಟ್ಟಿ ಸೇರಲು ಒಟ್ಟು ಬೇಕಿದ್ದದ್ದು 360ಕ್ಕೆ 109. ಪ್ರತಿ ವಿಷಯದಲ್ಲೂ ಕನಿಷ್ಠ ಅಂಕ ಬೇಕು, ಅದು ಬೇರೆ. ಪಟ್ಟಿಯಲ್ಲಿ ಹೆಸರು ಬಂದ ಕೂಡಲೇ ಸೀಟು ಸಿಗುವುದಿಲ್ಲ, ನಿಜ. ಆದರೆ ಎಸ್ಎಸ್ಎಲ್‌ಸಿಯ 95ರ ಕಣ್ಣಿನಿಂದ ಈ ಪೇಪರ್ ನೋಡಿದರೆ ಸುಮ್ನೆ ಹೆದರಿಕೆ ಜಾಸ್ತಿ. ಅಡ್ವಾನ್ಸ್ಡ್ ಅನ್ನು ಸತತ ಎರಡು ವರ್ಷ ಬರೆಯಬಹುದು.