ಪಟ್ಟಿ ಬಾಯಿಪಾಠ ಮಾಡಿದರೆ ಒಪ್ಪಂದ ಓದಲು ಬರುತ್ತಾ?

ಇವತ್ತು ಒಂದು ಲೀಗಲ್ ಇಂಗ್ಲಿಷ್ ತರಗತಿಯ ಕೊನೇ ಬೆಂಚಿನಲ್ಲಿ ಕೂತು ಬಂದೆ. ತಲೆ ಇನ್ನೂ ಬಿಸಿಯಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಾನೂ ಇದೇ ಪಾಠ ಹೇಳಿ ಹೊಟ್ಟೆ ಹೊರೆಯುವವಳು ಅಂತ ನಿಮಗೆಲ್ಲ ಗೊತ್ತಲ್ಲ, ಹಾಗಾಗಿ "ನಿನಗ್ಯಾಕೆ ಊರ ಉಸಾಬರಿ" ಅನ್ನಬೇಡಿ.

ಬೋರ್ಡಿನ ತುಂಬ ಲ್ಯಾಟಿನ್. ಮೆನ್ಸ್ ರಿಯಾ (ಅಪರಾಧದ ಉದ್ದೇಶ), ರೆಸ್ ಜುಡಿಕೇಟಾ (ಕೋರ್ಟು ಆಗಲೇ ತೀರ್ಮಾನಿಸಿದ ವಿಷಯ), ಇಂಟರ್ ಏಲಿಯಾ (ಇತರ ವಿಷಯಗಳ ಜೊತೆಗೆ). ಅದರ ಪಕ್ಕ ಹಿಯರಿನ್‌ಆಫ್ಟರ್ (ಇಲ್ಲಿಂದ ಮುಂದೆ), ಅಫೋರ್‌ಸೆಡ್ (ಮೇಲೆ ಹೇಳಿದ). ಎಡಗಡೆ ಪದ, ಬಲಗಡೆ ಅರ್ಥ. ಎಲ್ಲರೂ ಒಟ್ಟಿಗೆ ಹೇಳಿ, ಬರೆದುಕೊಳ್ಳಿ, ನಾಳೆ ಟೆಸ್ಟ್. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದ್ದೇ ಒಪ್ಪಿಸಿದ್ದು. ಅಷ್ಟರಲ್ಲಿ ಒಬ್ಬಳು ಹುಡುಗಿ ಕೈ ಎತ್ತಿದಳು. "ಸರ್, ಈ ತೀರ್ಪಿನ ಕೊನೇಲಿ ಅಪೀಲ್ ಅಲೌಡ್ ಅಂತಿದೆ. ಅಂದ್ರೆ ಅಪೀಲ್ ಹಾಕೋಕೆ ಪರ್ಮಿಷನ್ ಸಿಕ್ತು ಅಂತನಾ?"

ಎಂಥಾ ಪ್ರಶ್ನೆ! ನನಗೆ ಎದ್ದು ಚಪ್ಪಾಳೆ ತಟ್ಟೋಣ ಅನ್ನಿಸಿತು. ಮೇಷ್ಟ್ರು ಹೇಳಿದ್ದು ಮಾತ್ರ ಇಷ್ಟು: "ಅದು ಸುಲಭದ ಇಂಗ್ಲಿಷ್ ಕಣಮ್ಮ, ಡಿಕ್ಷನರಿ ನೋಡ್ಕೋ."

ಡಿಕ್ಷನರಿಯಲ್ಲಿ ಏನಿರುತ್ತದೆ? ಅಲೌ ಅಂದರೆ ಅನುಮತಿ ಕೊಡು ಅಂತ. ಆದರೆ ತೀರ್ಪಿನಲ್ಲಿ ಅಪೀಲ್ ಅಲೌಡ್ ಅಂದರೆ ಅಪೀಲ್ ಹಾಕಿದವರು ಗೆದ್ದರು ಅಂತ. ಡಿಸ್‌ಮಿಸ್ಡ್ ಅಂದರೆ ಸೋತರು. ಅಪೀಲಿಗೆ ಅನುಮತಿ ಕೇಳುವುದು ಬೇರೆಯೇ ಹಂತ. ಈ ಹುಡುಗಿ ನಾಳೆ ಯಾವುದಾದರೂ ಆಫೀಸಿನಲ್ಲಿ ಕೂತು ಗೆದ್ದ ಕಕ್ಷಿದಾರನಿಗೆ "ನಿಮಗೆ ಪರ್ಮಿಷನ್ ಸಿಕ್ಕಿದೆ, ಮುಂದೆ ವಾದ ಮಾಡಬೇಕು" ಅಂತ ಪತ್ರ ಬರೆದರೆ? ಇಂಟರ್ ಏಲಿಯಾ ಗೊತ್ತಿದ್ದು ಏನು ಬಂತು?

ಕಲಿಯುವವರನ್ನು ಬೀಳಿಸುವುದು ಲ್ಯಾಟಿನ್ ಅಲ್ಲವೇ ಅಲ್ಲ. ಲ್ಯಾಟಿನ್ ನೋಡಿದ ಕೂಡಲೇ ಇದು ನನಗೆ ಗೊತ್ತಿಲ್ಲ ಅಂತ ಗೊತ್ತಾಗುತ್ತದೆ, ಹುಡುಕುತ್ತಾರೆ, ಸಿಗುತ್ತದೆ, ಮುಗಿಯಿತು. ಬೀಳಿಸುವುದು "ಗೊತ್ತಿದೆ" ಅಂದುಕೊಂಡ ಪದ. ಕನ್ಸಿಡರೇಷನ್ ಅಂದರೆ ಯೋಚನೆ ಅಂದುಕೊಂಡಿರುತ್ತಾರೆ. ಒಪ್ಪಂದದಲ್ಲಿ ಅದು ಒಬ್ಬರ ಮಾತಿಗೆ ಪ್ರತಿಯಾಗಿ ಇನ್ನೊಬ್ಬರು ಕೊಡುವುದು ಅಥವಾ ಮಾಡುವುದು. ಡ್ಯಾಮೇಜ್ ಆದರೆ ಹಾನಿ, ಡ್ಯಾಮೇಜಸ್ ಆದರೆ ಆ ಹಾನಿಗೆ ಕೋರ್ಟು ಕೊಡಿಸುವ ಹಣ. ಪತ್ರದ ನೆತ್ತಿಯ ಮೇಲೆ ವಿದೌಟ್ ಪ್ರೆಜುಡಿಸ್ ಅಂತ ಇದ್ದರೆ "ಪೂರ್ವಗ್ರಹ ಇಲ್ಲದೆ ಬರೆದಿದ್ದಾರೆ, ಒಳ್ಳೆಯವರು ಪಾಪ" ಅಂತ ಓದುವವರನ್ನು ನಾನೇ ನೋಡಿದ್ದೇನೆ. ಅದು ಒಳ್ಳೆಯತನ ಅಲ್ಲ ಸ್ವಾಮಿ. ರಾಜಿ ಮಾತುಕತೆಗಾಗಿ ಇದನ್ನು ಬರೆದಿದ್ದೇವೆ, ನಾಳೆ ಕೋರ್ಟಿನಲ್ಲಿ ನಮ್ಮ ತಪ್ಪೊಪ್ಪಿಗೆ ಅಂತ ತೋರಿಸಬೇಡಿ ಅನ್ನುವ ಎಚ್ಚರಿಕೆ.

ಇನ್ನು ಸಬ್ಜೆಕ್ಟ್ ಟು, ನಾಟ್‌ವಿತ್‌ಸ್ಟ್ಯಾಂಡಿಂಗ್. ಇವಕ್ಕೆ ಯಾವ ಪಟ್ಟಿಯಲ್ಲೂ ಜಾಗ ಇರುವುದಿಲ್ಲ, ಯಾಕಂದರೆ ಇವು ಪಟ್ಟಿಗೆ ಶೋಭೆ ತರುವುದಿಲ್ಲ. "ಐದನೇ ಕಲಮಿಗೆ ಸಬ್ಜೆಕ್ಟ್ ಟು" ಅಂದರೆ ಐದನೆಯದು ಎದುರಾದಾಗ ಈ ಕಲಮು ಬಗ್ಗುತ್ತದೆ. "ಐದನೇ ಕಲಮು ನಾಟ್‌ವಿತ್‌ಸ್ಟ್ಯಾಂಡಿಂಗ್" ಅಂದರೆ ಐದನೆಯದು ಏನೇ ಹೇಳಲಿ, ಇದೇ ಗೆಲ್ಲುತ್ತದೆ. ಎರಡನ್ನೂ ಅದಲುಬದಲು ಮಾಡಿದರೆ ಇಡೀ ಒಪ್ಪಂದ ತಲೆಕೆಳಗು. ಇದನ್ನು ಬಿಟ್ಟು ಅಫೋರ್‌ಸೆಡ್ ಬಾಯಿಪಾಠ ಮಾಡಿಸುತ್ತೀರಲ್ಲ, ನಿಮಗೊಂದು ದೊಡ್ಡ ನಮಸ್ಕಾರ.

"ಪರೀಕ್ಷೆಗೆ ಅದೇ ಬರುತ್ತೆ ಮೇಡಂ, ಕೋರ್ಟಿನಲ್ಲೂ ಅದೇ ಇರುತ್ತೆ" ಅನ್ನುತ್ತೀರಿ. ಗೊತ್ತು. ಮೆನ್ಸ್ ರಿಯಾ ಬೇಕೇ ಬೇಕು, ರೆಸ್ ಜುಡಿಕೇಟಾನೂ ಬೇಕು. ಅರ್ಧ ಗಂಟೆಯ ಕೆಲಸ, ಮುಗಿಸಿ ಮುಂದಕ್ಕೆ ಹೋಗಿ. ಉಳಿದ ಹಳೇ ಸಾಮಾನಿನಲ್ಲಿ ಎಷ್ಟನ್ನೋ ಇಂಗ್ಲೆಂಡಿನವರೇ ಅಟ್ಟಕ್ಕೆ ಹಾಕಿದ್ದಾರೆ. 1999ರ ಸಿವಿಲ್ ಪ್ರೊಸೀಜರ್ ನಿಯಮಗಳಲ್ಲಿ ಅಲ್ಲಿ ದಾವೆ ಹಾಕಿದವರಿಗೆ ಇದ್ದ ಪ್ಲೇಂಟಿಫ್ ಅನ್ನುವ ಹೆಸರು ಹೋಗಿ ಕ್ಲೇಮೆಂಟ್ ಬಂತು, ದಾವೆ ಶುರು ಮಾಡುವ ಕಾಗದಕ್ಕೆ ರಿಟ್ ಹೋಗಿ ಕ್ಲೇಮ್ ಫಾರ್ಮ್ ಬಂತು. ಬೇರೆ ದೇಶಗಳ ಕೋರ್ಟುಗಳಲ್ಲಿ ಪ್ಲೇಂಟಿಫ್ ಇನ್ನೂ ಬದುಕಿದೆ, ಅದನ್ನೂ ಹೇಳಿಕೊಡಿ. ಯಾವುದು ಎಲ್ಲಿ ಅಂತ ಹೇಳದೆ ಸುಮ್ನೆ ಪಟ್ಟಿ ಕೊಟ್ಟರೆ ಹೇಗೆ?

ಒಂದು ಗುಟ್ಟು ಹೇಳಲಾ? ನನಗೆ ಆ ಹಳೇ ಪದಗಳೆಂದರೆ ಪ್ರಾಣ. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಇಂಗ್ಲೆಂಡಿನ ಕೋರ್ಟಿಗೆ ಫ್ರೆಂಚ್ ನುಗ್ಗಿದ್ದು, ವಾದ ಇಂಗ್ಲಿಷಿನಲ್ಲೇ ಆಗಲಿ ಅನ್ನುವ 1362ರ ಕಾನೂನನ್ನೂ ಫ್ರೆಂಚಿನಲ್ಲೇ ಬರೆದದ್ದು, ಇದೆಲ್ಲ ಓದುತ್ತಾ ಒಬ್ಬಳೇ ನಗುತ್ತಾ ಕೂತಿರುತ್ತೇನೆ. ವಿಲ್ ಅಂಡ್ ಟೆಸ್ಟಮೆಂಟ್ (ಉಯಿಲು), ಗೂಡ್ಸ್ ಅಂಡ್ ಚಾಟೆಲ್ಸ್ (ಚರಾಸ್ತಿ), ಹೆಚ್ಚುಕಡಿಮೆ ಒಂದೇ ಅರ್ಥದ ಇಂಥ ಜೋಡಿ ಪದಗಳಿಗೆ ಈ ಭಾಷೆಗಳ ಗಲಾಟೆಯೇ ಒಂದು ಕಾರಣ. ಕಥೆ ಹೇಳಿ, ಮಕ್ಕಳು ನಗಲಿ. ಜೋಡಿಯಲ್ಲಿ ಎರಡೆರಡು ಅರ್ಥ ಹುಡುಕುತ್ತಾ ಕೂರುವ ಕಷ್ಟವೂ ಎಷ್ಟೋ ಕಡೆ ತಪ್ಪುತ್ತದೆ. ಆದರೆ ಅದು ನನ್ನ ಖುಷಿ, ಅದನ್ನೇ ಸಿಲಬಸ್ ಮಾಡಿದರೆ ಕಲಿಯುವವರಿಗೆ ಮೋಸ ಅಲ್ವಾ?

ಹಾಗಾದರೆ ಹೇಗೆ ಕಲಿಸಬೇಕು ಅಂತ ಕೇಳುತ್ತೀರಿ. ಒಂದು ಕೇಸ್ ಕೊಡಿ. ನಾನು ಯಾವಾಗಲೂ ಕಾರ್ಲಿಲ್ ಕೇಸಿನಿಂದಲೇ ಶುರು ಮಾಡುವುದು. 1891ರಲ್ಲಿ ಕಾರ್ಬಾಲಿಕ್ ಸ್ಮೋಕ್ ಬಾಲ್ ಅನ್ನುವ ಕಂಪನಿ ಜಾಹೀರಾತು ಕೊಟ್ಟಿತು: ನಮ್ಮ ಔಷಧಿ ಚೆಂಡಿನ ಹೊಗೆಯನ್ನು ದಿನಕ್ಕೆ 3 ಸಲ, ಎರಡು ವಾರ ತೆಗೆದುಕೊಂಡ ಮೇಲೂ ಫ್ಲೂ ಬಂದರೆ 100 ಪೌಂಡ್. ನಮ್ಮ ಮಾತು ನಿಜ ಅಂತ ತೋರಿಸಲು ಬ್ಯಾಂಕಿನಲ್ಲಿ 1000 ಪೌಂಡ್ ಇಟ್ಟಿದ್ದೇವೆ ಅಂತಲೂ ಬರೆದರು. ಕಾರ್ಲಿಲ್ ಅನ್ನುವ ಹೆಂಗಸು ಕೊಂಡು, ಹೇಳಿದ ಹಾಗೇ ಬಳಸಿದರು. ಫ್ಲೂ ಬಂತು. ದುಡ್ಡು ಕೇಳಿದರೆ ಕಂಪನಿ ರಾಗ ಎಳೆಯಿತು. ಅದು ಬರೀ ಜಾಹೀರಾತಿನ ಬಡಾಯಿ ಅಂದರು. ನೀವು ಆಫರ್ ಒಪ್ಪಿದ್ದೀರಿ ಅಂತ ನಮಗೆ ತಿಳಿಸಲೇ ಇಲ್ಲ ಅಂದರು. ಕನ್ಸಿಡರೇಷನ್ ಎಲ್ಲಿದೆ ಅಂದರು.

ಈಗ ನೋಡಿ. ಆಫರ್, ಅಕ್ಸೆಪ್ಟೆನ್ಸ್, ಕನ್ಸಿಡರೇಷನ್ ಮೂರೂ ಜಗಳದ ನಡುವೆಯೇ ನಿಂತಿವೆ. ಅರ್ಥ ಬರೆದುಕೊಳ್ಳಿ ಅನ್ನುವ ಅಗತ್ಯವೇ ಇಲ್ಲ. ಕಂಪನಿ ಕೇಳಿದಂತೆ ದಿನಾ ಮೂರು ಹೊತ್ತು ಆ ಹೊಗೆ ಎಳೆದುಕೊಂಡ ತಾಪತ್ರಯವೇ ಕನ್ಸಿಡರೇಷನ್ ಅಂತ ಕೋರ್ಟು ಹೇಳಿದ್ದನ್ನು ಓದಿದವರು ಆ ಪದವನ್ನು ಮರೆಯುವುದಿಲ್ಲ. ಕ್ರಿಯಾಪದಗಳೂ ಪುಕ್ಕಟೆಯಾಗಿ ಸಿಗುತ್ತವೆ: ಆಫರನ್ನು ಮೇಕ್ ಮಾಡುತ್ತಾರೆ, ಕಾಂಟ್ರ್ಯಾಕ್ಟನ್ನು ಬ್ರೀಚ್ ಮಾಡುತ್ತಾರೆ, ಡ್ಯಾಮೇಜಸನ್ನು ಕಕ್ಷಿದಾರ ಕ್ಲೇಮ್ ಮಾಡುತ್ತಾನೆ, ಕೋರ್ಟು ಅವಾರ್ಡ್ ಮಾಡುತ್ತದೆ. ಒಂಟಿ ನಾಮಪದ ಕಲಿತವರು ಬರೆಯಲು ಕೂತಾಗ ಕ್ರಿಯಾಪದ ಸಿಗದೆ ಪೆನ್ನು ಕಚ್ಚುತ್ತಾ ಕೂರುತ್ತಾರೆ.

1892ರ ಕೊನೆಗೆ ಕೋರ್ಟ್ ಆಫ್ ಅಪೀಲ್ ತೀರ್ಪು ಕೊಟ್ಟಿತು. ಅಪೀಲ್ ಹಾಕಿದ್ದು ಕಂಪನಿ. ಅಪೀಲ್ ಡಿಸ್‌ಮಿಸ್ಡ್. ಗೆದ್ದವರು ಯಾರು ಅಂತ ತರಗತಿಯನ್ನೇ ಕೇಳಿ, ಹೇಳುತ್ತಾರೆ.

ಇಷ್ಟು ಓದಿಯೂ "ಮೇಡಂ, ಇಂಪಾರ್ಟೆಂಟ್ ಪದಗಳ ಪಿಡಿಎಫ್ ಇದ್ರೆ ಕಳ್ಸಿ" ಅಂತ ಇನ್‌ಬಾಕ್ಸಿಗೆ ಬರುವವರು ಬಂದೇ ಬರುತ್ತೀರಿ. ಕಳಿಸಲ್ಲ. ಕಾರ್ಲಿಲ್ ತೀರ್ಪು ಬೇಕಾದರೆ ಕೇಳಿ. ಬೋವೆನ್ ಅನ್ನುವ ನ್ಯಾಯಾಧೀಶರು ಬರೆದ ಭಾಗದಿಂದ ಶುರು ಮಾಡಿ, ಪಕ್ಕದಲ್ಲಿ ಪೆನ್ಸಿಲ್ ಇರಲಿ.